ಕೈಮಾ ಎಂಬ ಪದದ ಬೆನ್ನು ಹತ್ತಿ

ಪದಕೋಶದ ಕೆಲಸಕ್ಕೆ ಈಗ ಸೇರುತ್ತಿರುವವರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದವರು, ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದಿರಿ ಎಂಬುದನ್ನು ಮೊದಲು ಹಾಕಿ ಎಂದರು. ಅದಕ್ಕೆ ಎರಡು ಸಾಲು ಸಾಕು. ಸಹಾಯಕಿಯಾಗಿ ಸೇರಿದೆ, ಸಹಸಂಪಾದಕಿಯಾಗಿ ನಿವೃತ್ತಳಾದೆ. ನಡುವೆ ಇದ್ದದ್ದೆಲ್ಲ ಬಸ್ಸು, ಧೂಳು, ಚೀಟಿ ಮತ್ತು ಜನರ ಬಾಯಿ. ಆ ಬಾಯಿಗಳಿಂದ ಬಂದ ಒಂದೇ ಒಂದು ಪದದ ವಿಷಯ ಇಲ್ಲಿ ಬರೆಯುತ್ತೇನೆ. ಅದು ತಿನ್ನುವ ಪದಾರ್ಥದ ಹೆಸರು: ಕೈಮಾ. ಈ ಪದದಿಂದ ಕಲಿತಷ್ಟು ಬೇರೆ ಯಾವುದರಿಂದಲೂ ಕಲಿಯಲಿಲ್ಲ. ಇದರಿಂದ ಆದಷ್ಟು ನಾಚಿಕೆಯೂ ಬೇರೆ ಯಾವುದರಿಂದಲೂ ಆಗಲಿಲ್ಲ.

ನನ್ನ ಊರು ವಕ್ಕಲೇರಿ. ಮನೆಯಲ್ಲಿ ರಾಗಿ, ಹಿಪ್ಪುನೇರಳೆ, ಎರಡು ಸೀಮೆಹಸು. ಒಲೆಯ ಮುಂದೆ ತೆಲುಗು ಮಾತಾಡುತ್ತಿದ್ದೆವು, ಜಗಲಿಗೆ ಬಂದರೆ ಕನ್ನಡ. ನಮ್ಮ ಕಡೆ ಇದನ್ನು ಯಾರೂ ಒಂದು ವಿಶೇಷವೆಂದು ಎಣಿಸುವುದಿಲ್ಲ. ನಾನೂ ಎಣಿಸಿರಲಿಲ್ಲ. ಕೆಲಸದ ಸಂದರ್ಶನದಲ್ಲಿ ಒಬ್ಬರು, "ಮನೆ ಮಾತು ಕನ್ನಡ ತಾನೆ?" ಎಂದು ಕೇಳಿದಾಗ ಬಾಯಿಂದ "ಹೌದು ಸಾರ್" ಎಂದು ಬಂದುಬಿಟ್ಟಿತು. ಕನ್ನಡ ಪದಕೋಶದ ಕೆಲಸಕ್ಕೆ ತೆಲುಗು ಮನೆಯವಳು ಬೇಡ ಎಂದುಬಿಟ್ಟರೆ ಎಂಬ ಭಯ. ಆ ಸಣ್ಣ ಸುಳ್ಳನ್ನು ಕಾಪಾಡಿಕೊಳ್ಳಲು ಎಷ್ಟು ವರ್ಷ ಒದ್ದಾಡಬೇಕಾಯಿತು ಎಂಬುದು ಆಗ ತಿಳಿಯಲಿಲ್ಲ.

ಕಚೇರಿ ಕೋಲಾರದಲ್ಲಿ, ಒಂದು ಮಹಡಿಯ ಮೇಲಿನ ಎರಡು ಕೋಣೆ. ಜಿಲ್ಲೆಯ ಆಡುಮಾತಿನ ಪದಗಳನ್ನು ಕಲೆಹಾಕುವುದು ನಮ್ಮ ಕೆಲಸ. ಸಂಪಾದಕರು ಮೈಸೂರಿನ ಕಡೆಯವರು, ಕಾಲೇಜಿನಲ್ಲಿ ಪಾಠ ಹೇಳಿ ಬಂದವರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಒಂದು ಪದಕ್ಕೆ ಒಂದು ಚೀಟಿ. ಚೀಟಿಯ ಮೇಲೆ ಪದ, ಅರ್ಥ, ಅದು ಬರುವ ಒಂದು ವಾಕ್ಯ, ಕೇಳಿದ ಊರು. ಚೀಟಿಗಳನ್ನು ಅಕ್ಷರದ ಪ್ರಕಾರ ಚಪ್ಪಲಿ ಅಂಗಡಿಯ ಖಾಲಿ ಡಬ್ಬಗಳಲ್ಲಿ ಜೋಡಿಸುತ್ತಿದ್ದೆವು. ಗಾಳಿ ಬೀಸಿದರೆ ಕಿಟಕಿ ಮುಚ್ಚಲು ಎಲ್ಲರೂ ಒಟ್ಟಿಗೆ ಓಡುವುದು ನಮ್ಮ ನಿತ್ಯದ ವ್ಯಾಯಾಮ.

ಸೇರಿದ ಹೊಸತರಲ್ಲಿ ಮೇಷ್ಟ್ರ ಜೊತೆ ಮಾಲೂರಿಗೆ ಹೋದೆ. ಇಟ್ಟಿಗೆ, ಹೆಂಚಿನ ಕೆಲಸದ ಮಾತುಗಳನ್ನು ಕೇಳಿ ಬರೆದುಕೊಳ್ಳಬೇಕಿತ್ತು. ಗೂಡಿನ ಬುಡದಲ್ಲಿ ಬೆಂಕಿ ಹಾಕುವ ಬಾಯಿಯ ಪಕ್ಕ ಒಂದು ಸಣ್ಣ ಕಿಂಡಿ ಇತ್ತು. ಮೇಷ್ಟ್ರು ಅದನ್ನು ತೋರಿಸಿ, ತಲೆಯ ಮೇಲೆ ಇಟ್ಟಿಗೆ ಹೊತ್ತು ಹೋಗುತ್ತಿದ್ದ ಹೆಂಗಸನ್ನು ಕೇಳಿದರು.

"ಇದಕ್ಕೆ ಏನಂತೀರಮ್ಮಾ?"

"ಏಮೋ!" ಎಂದು ಆಕೆ ನಿಲ್ಲದೆ ಹೋದಳು.

ಮೇಷ್ಟ್ರು ಸಂತೋಷದಿಂದ ಬರೆದುಕೊಂಡರು: ಏಮೋ, ನಾಮಪದ, ಇಟ್ಟಿಗೆ ಗೂಡಿನ ಕಿಂಡಿ. ತೆಲುಗಿನಲ್ಲಿ ಏಮೋ ಎಂದರೆ ಯಾರಿಗೆ ಗೊತ್ತು ಎಂದರ್ಥ. ನನಗೆ ನಗು ಉಕ್ಕಿ ಬಂತು. ಆದರೆ ಹೇಳಿದರೆ ನನಗೆ ತೆಲುಗು ಬರುತ್ತದೆ ಎಂದು ಗೊತ್ತಾಗುತ್ತದೆ. ಸುಮ್ಮನಾದೆ. ಆ ಚೀಟಿ ಡಬ್ಬ ಸೇರಿತು, ಅಲ್ಲಿಂದ ಬೆಂಗಳೂರಿನ ಸಭೆಗೆ ಹೋಯಿತು. ಗಡಿಯ ಕಡೆಯಿಂದ ಬಂದಿದ್ದ ಒಬ್ಬರು ಅದನ್ನು ಗಟ್ಟಿಯಾಗಿ ಓದಿ ಬಿದ್ದು ಬಿದ್ದು ನಕ್ಕರು. ಸಭೆ ಪೂರ್ತಿ ನಕ್ಕಿತು. ಮೇಷ್ಟ್ರೂ ನಕ್ಕರು, ಆದರೆ ಅವರ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಕೋಲಾರಕ್ಕೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಮೆಲ್ಲಗೆ ಕೇಳಿದರು, "ನಿನಗೆ ತೆಲುಗು ಬರತ್ತೇನಮ್ಮಾ?"

"ಅಷ್ಟಾಗಿ ಬರಲ್ಲ ಸಾರ್" ಎಂದೆ.

ಮುಂದಿನ ಸೀಟಿನಲ್ಲಿದ್ದ ನಮ್ಮೂರಿನ ಹೆಂಗಸು ನನ್ನ ದನಿ ಕೇಳಿ ಹಿಂದಕ್ಕೆ ತಿರುಗಿದಳು. "ಏಮ್ಮೇ ನಾರಾಯಣೀ, ಮೀ ಅಮ್ಮ ಬಾಗುಂದಾ?" ಎಂದು, ನಿಮ್ಮಮ್ಮ ಚೆನ್ನಾಗಿದ್ದಾಳಾ ಎಂದು, ಬಸ್ಸಿಗೆಲ್ಲ ಕೇಳುವಂತೆ ವಿಚಾರಿಸಿದಳು. ನಾನು ಕನ್ನಡದಲ್ಲಿ, "ಚೆನ್ನಾಗಿದ್ದಾರೆ" ಎಂದೆ. ಆಕೆ ಏನೂ ಅರ್ಥವಾಗದೆ ನನ್ನ ಮುಖ ನೋಡಿದಳು. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ಆಮೇಲೆ ಈ ವಿಷಯವನ್ನು ಅವರು ಎತ್ತಲಿಲ್ಲ.

ಕ ಅಕ್ಷರಕ್ಕೆ ಬರುವ ಹೊತ್ತಿಗೆ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಚೀಟಿಗಳನ್ನು ಒಂದೊಂದಾಗಿ ಓದಿ ಒಪ್ಪಿ ಟೈಪ್ ಮಾಡಿಸುತ್ತಿದ್ದೆವು. ಒಂದು ಮಧ್ಯಾಹ್ನ ಯಲ್ದೂರು, ಬೈರಕೂರು, ಕೋಲಾರ, ಎಲ್ಲ ಕಡೆಯಿಂದ ಬಂದ ಕೈಮಾ ಚೀಟಿಗಳು ಮೇಜಿನ ಮೇಲೆ ಒಟ್ಟಾದವು. ಕೈಮಾ ಎಂದರೆ ಕೊಚ್ಚಿದ ಕುರಿ ಮಾಂಸ. ಅದರಿಂದ ಮಾಡುವ ಉಂಡೆ ಸಾರು ನಮ್ಮ ಎಲ್ಲ ತಾಲ್ಲೂಕುಗಳಲ್ಲೂ ಮನೆಮಾತು. ಮೇಷ್ಟ್ರು ಮಾಂಸ ಮುಟ್ಟದವರು. ಆದರೂ ಪದ ಅವರಿಗೆ ಬಹಳ ಹಿಡಿಸಿತು.

"ಕೈಯಲ್ಲಿ ಕಲಸಿ, ಕೈಯಲ್ಲಿ ಉಂಡೆ ಕಟ್ಟೋ ಮಾಂಸ. ಕೈ, ಮಾಂಸ, ಕೈಮಾ! ಅಚ್ಚ ಕನ್ನಡ, ನೋಡಿ" ಎಂದು ಎಲ್ಲರ ಮುಖ ನೋಡಿದರು. "ಅರ್ಥ ಸರಿಯಾಗಿ ಬರೀಬೇಕು. ಯಾರಾದ್ರೂ ತಿಂದವರಿದ್ದೀರಾ?"

ನಮ್ಮಲ್ಲಿ ಇಬ್ಬರು ತಿನ್ನದವರು. ಟೈಪ್ ಮಾಡುವವನು ಪರದೆಯನ್ನೇ ನೋಡುತ್ತಾ ಕುಳಿತ. ಮೇಷ್ಟ್ರು ನನ್ನ ಕಡೆ ತಿರುಗಿದರು. "ನಿಮ್ಮನೇಲಿ?"

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ನಮ್ಮಮ್ಮ ಒರಳಿನ ಮುಂದೆ ಕೂತು ಹುರಿಗಡಲೆ, ಕಾಯಿ, ಚಕ್ಕೆ ಲವಂಗ ಹಾಕಿ ರುಬ್ಬುವ ಸದ್ದು ನನಗೆ ಕೇಳಿಸಿದಂತಾಯಿತು. ಮೊದಲ ಉಂಡೆ ಒಡೆಯದೆ ಕುದಿ ಬಂದರೆ ಅಮ್ಮ ನನ್ನನ್ನು ಕೂಗಿ ಅಂಗೈಗೆ ಹಾಕುತ್ತಿದ್ದಳು.

"ನಮ್ಮನೇಲಿ ಮಾಡಲ್ಲ ಸಾರ್" ಎಂದೆ.

ಅವರು ತಾತ್ಸಾರದಿಂದ ಕೇಳಿದ್ದರೆ ಸುಳ್ಳು ಹೇಳಿದ್ದಕ್ಕೆ ಒಂದು ನೆಪವಾದರೂ ಇರುತ್ತಿತ್ತು. ಅವರು ಅರ್ಥ ಬರೆಯಲು ಕೇಳಿದ್ದರು, ಅಷ್ಟೆ. ಕೊನೆಗೆ ಚೀಟಿಯ ಮೇಲೆ "ಮಾಂಸದಿಂದ ಮಾಡುವ ಒಂದು ಬಗೆಯ ಖಾದ್ಯ" ಎಂದು ಬರೆದೆವು. ಪದಕೋಶದಲ್ಲಿ ಇಷ್ಟು ಕೆಟ್ಟದಾಗಿ ಬರೆದ ಅರ್ಥ ಇನ್ನೊಂದಿರಲಿಲ್ಲ. ಅದನ್ನು ಬರೆದದ್ದು ಅದನ್ನು ತಿಂದು ಬೆಳೆದವಳು.

ಆ ತಪ್ಪನ್ನು ಬೇರೆ ದಾರಿಯಿಂದ ತೀರಿಸೋಣ ಎಂದುಕೊಂಡೆನೋ ಏನೋ, ಪದದ ಮೂಲ ಹುಡುಕುವ ಹಟ ಹಿಡಿಯಿತು. ಮೇಷ್ಟ್ರ ಕೈ ಎಂಬ ವಿವರಣೆ ನನಗೆ ಒಪ್ಪಿಗೆಯಾಗಿರಲಿಲ್ಲ. ಮುಳಬಾಗಿಲಿನ ಹೋಟೆಲುಗಳ ಬೋರ್ಡಿನಲ್ಲಿ ಖೀಮಾ ಎಂದು ಬರೆದಿರುವುದನ್ನು ನೋಡಿದ್ದೆ. ಬೈರಕೂರಿಗೆ ಹೊರಟ ಒಂದು ದಿನ ಮುಳಬಾಗಿಲಿನಲ್ಲೇ ಇಳಿದು ಜುಬೇದಾಳ ಮನೆಗೆ ಹೋದೆ. ಜುಬೇದಾ ಉರ್ದು ಟೀಚರು, ನನಗಿಂತ ಹತ್ತು ವರ್ಷ ಚಿಕ್ಕವಳು. ಉರ್ದು ಪದ ಬಂದಾಗಲೆಲ್ಲ ನಾವು ಅವಳನ್ನೇ ಕೇಳುತ್ತಿದ್ದೆವು, ಅವಳು ಒಂದು ದಿನವೂ ಬೇಸರ ಮಾಡಿಕೊಂಡವಳಲ್ಲ.

"ನಾವು ಖೀಮಾ ಅಂತೀವಿ ಅಕ್ಕಾ. ನಮ್ಮ ದಾದಿ, ಅಪ್ಪನ ಅಮ್ಮ, ಮಾತ್ರ ಕೈಮಾ ಅಂತಾನೇ ಅಂತಿದ್ರು" ಎಂದಳು. ಅವಳ ತಂದೆಯ ಕಾಲದ ದಪ್ಪ ಉರ್ದು ನಿಘಂಟನ್ನು ಇಳಿಸಿ ಹಾಳೆ ತಿರುವಿದಳು. ಬೆರಳಿಟ್ಟು ಓದಿ ಕಣ್ಣರಳಿಸಿದಳು. "ಅರೆ, ಇಲ್ಲಿ ತುರ್ಕಿ ಅಂತ ಹಾಕಿದ್ದಾರೆ. ಇದು ನಮ್ದೂ ಅಲ್ವಲ್ಲ ಅಕ್ಕಾ!"

ಇಬ್ಬರೂ ನಕ್ಕೆವು. ಪಾರಸಿಯಲ್ಲಿ ಕೆಯ್ಮೆ ಎಂಬ ಉಚ್ಚಾರವೂ ಇದೆ, ಆ ಕ ಗಂಟಲಿನ ಆಳದಿಂದ ಬರಬೇಕು ಎಂದು ತೋರಿಸಿಕೊಟ್ಟಳು. ನಾನು ಪ್ರಯತ್ನಿಸಿ ಕೆಮ್ಮಿದೆ. ಅವಳ ದಾದಿಯೂ ನಮ್ಮವರೂ ಕೈಮಾ ಎನ್ನುವುದಕ್ಕೆ ಆ ಉಚ್ಚಾರವೇ ಕಾರಣವಿರಬೇಕು ಎಂದು ಅಂದೇ ಊಹಿಸಿದೆವು.

ಮುಂದೆ ಬೆಂಗಳೂರಿನ ಒಂದು ಗ್ರಂಥಾಲಯದಲ್ಲಿ ತುರ್ಕಿ ನಿಘಂಟು ಸಿಕ್ಕಿತು. ಆ ಭಾಷೆಯಲ್ಲಿ ಇ ಎಂಬ ಸ್ವರಕ್ಕೆ ಎರಡು ಅಕ್ಷರ, ಒಂದಕ್ಕೆ ತಲೆಯ ಮೇಲೆ ಚುಕ್ಕಿ ಇದೆ, ಇನ್ನೊಂದಕ್ಕೆ ಇಲ್ಲ. ನನಗೆ ಅದು ಗೊತ್ತಿಲ್ಲದೆ ಬೆಳಗಿನಿಂದ ಚುಕ್ಕಿಯಿರುವ ಕಡೆ ಹುಡುಕಿ ಸೋತೆ. ಗ್ರಂಥಪಾಲಕರು ಮುಚ್ಚುವ ಹೊತ್ತಾಯಿತು ಎನ್ನುವಾಗ ಚುಕ್ಕಿಯಿಲ್ಲದ ಕಡೆ ಸಿಕ್ಕಿತು. ಕಿಯ್ಮಾ. ಕಿಯ್ಮಕ್ ಎಂಬ ಕ್ರಿಯಾಪದದಿಂದ ಬಂದದ್ದು. ಸಣ್ಣಗೆ ಕತ್ತರಿಸು ಎಂದರ್ಥ, ನಮ್ಮ ಕೊಚ್ಚು ಎಂಬ ಮಾತಿಗೆ ಸರಿಸಮ. ಅದೇ ಕ್ರಿಯಾಪದಕ್ಕೆ ಕನಿಕರವಿಲ್ಲದೆ ಹಾನಿ ಮಾಡು ಎಂಬ ಇನ್ನೊಂದು ಅರ್ಥವೂ ಇತ್ತು. ನಿಕಾಹ್ ಮಾಡಿಸುವುದಕ್ಕೂ ಅಲ್ಲಿಯವರು ಅದೇ ಕ್ರಿಯಾಪದ ಬಳಸುತ್ತಾರೆ ಎಂದಿತ್ತು. ಅದನ್ನು ಫೋನಿನಲ್ಲಿ ಹೇಳಿದಾಗ ಜುಬೇದಾ, "ಸರಿಯಾಗೇ ಇದೆ ಅಕ್ಕಾ!" ಎಂದು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಬೇರೆ ಬೇರೆ ನಿಘಂಟು ತೆಗೆದಂತೆ ಪದ ದಾರಿ ಬಿಟ್ಟುಕೊಡುತ್ತಾ ಹೋಯಿತು. ಗ್ರೀಕರಲ್ಲಿ ಕಿಮಾಸ್. ಬಲ್ಗೇರಿಯಾದವರು ಯಲ್ದೂರಿನವರ ಹಾಗೆಯೇ ಕೈಮಾ ಎನ್ನುತ್ತಾರೆ. ತುರ್ಕಿಯಿಂದ ಒಂದು ಕವಲು ಆ ಕಡೆ ಹೋಗಿದೆ, ಇನ್ನೊಂದು ಪಾರಸಿ, ಉರ್ದು, ದಖನಿ ದಾಟಿ ನಮ್ಮ ಒರಳುಕಲ್ಲಿನ ತನಕ ಬಂದಿದೆ. ಇಷ್ಟು ಸಂತೋಷ ನನಗೆ ಕೆಲಸದಲ್ಲಿ ಹಿಂದೆಂದೂ ಆಗಿರಲಿಲ್ಲ.

ಮೇಷ್ಟ್ರು ನನ್ನ ಟಿಪ್ಪಣಿಯನ್ನು ಎರಡು ಸಲ ಓದಿದರು. ತಮ್ಮ ಚೀಟಿಯನ್ನು ತೆಗೆದು ಹರಿದರು. "ಸರಿಯಮ್ಮಾ, ಕೈ ಬಿಟ್ಟೆ" ಎಂದು ನಕ್ಕರು. ಶ್ರೀನಿವಾಸಪುರದ ಕಾಲೇಜೊಂದರಲ್ಲಿ ಮಾತಾಡಲು ಅವರನ್ನು ಕರೆದಿದ್ದರು. "ನನಗೆ ಮಂಡಿ ನೋವು. ನೀನೇ ಹೋಗಿ ಈ ಪದದ ಕಥೆ ಹೇಳು, ಮಕ್ಕಳಿಗೆ ಖುಷಿಯಾಗತ್ತೆ" ಎಂದರು.

ಅಲ್ಲಿಯ ತನಕ ನಾನು ವೇದಿಕೆ ಹತ್ತಿದವಳಲ್ಲ. ಹಲಗೆಯ ಮೇಲೆ ನಕ್ಷೆ ಬರೆದು ತುರ್ಕಿಯಿಂದ ಕೋಲಾರಕ್ಕೆ ಗೆರೆ ಎಳೆದೆ. ಮಕ್ಕಳು ಗಮನವಿಟ್ಟು ಕೇಳಿದರು. ಹಿಂದಿನ ಬೆಂಚಿನವರು ಫೋನು ಕೆಳಗಿಟ್ಟರು. ಜನ ಕೇಳುತ್ತಿದ್ದಾರೆ ಎಂಬುದೇ ತಲೆಗೇರಿತು. ನಗಿಸಬೇಕು ಎನಿಸಿತು.

"ಪಕ್ಷದ ಹಬ್ಬದಲ್ಲಿ ನಿಮ್ಮ ತಾತಂದಿರಿಗೆ ಎಡೆ ಇಡ್ತೀರಲ್ಲ," ಎಂದೆ, "ಅದರಲ್ಲಿ ಉಂಡೆ ಉಂಡೆಯಾಗಿ ಕೂತಿರೋನು ತುರ್ಕಿಯವನು! ನಿಮ್ಮ ಹಿರಿಯರಿಗೆ ಗೊತ್ತಾದ್ರೆ ಎದ್ದು ಹೋಗ್ತಾರೋ ಏನೋ!"

ಹಾಲ್ ಪೂರ್ತಿ ನಕ್ಕಿತು, ಚಪ್ಪಾಳೆ ಬಿತ್ತು. ನಿಮ್ಮ ತಾತಂದಿರು, ನಿಮ್ಮ ಹಿರಿಯರು ಎಂದೆ. ನಮ್ಮ ಎನ್ನಲಿಲ್ಲ. ಪಿತೃಪಕ್ಷದಲ್ಲಿ ತೀರಿಹೋದ ಹಿರಿಯರಿಗೆ ಎಲೆಯ ಮೇಲೆ ಅವರ ಇಷ್ಟದ ಅಡುಗೆ ಬಡಿಸಿ ಕೈ ಮುಗಿಯುವುದು ನಮ್ಮ ಮನೆಯಲ್ಲೂ ಇದೆ. ನಮ್ಮ ಅಪ್ಪನ ಎಲೆಗೂ ಕೈಮಾ ಉಂಡೆ ಬೀಳುತ್ತದೆ. ಆ ದಿನ ಅಲ್ಲಿ ನಿಂತವಳು ಯಾವುದೋ ದೂರದ ದೇಶದಿಂದ ಬಂದು ಈ ಜನರ ಊಟವನ್ನು ನೋಡಿ ನಗುತ್ತಿರುವವಳಂತೆ ಮಾತಾಡಿದೆ.

ಪಕ್ಷ ಮುಗಿದ ಮೇಲೆ ಜುಬೇದಾ ಫೋನು ಮಾಡಿದಳು. ದನಿ ಎಂದಿನಂತಿರಲಿಲ್ಲ.

"ಅಕ್ಕಾ, ಶ್ರೀನಿವಾಸಪುರದ ಕಾಲೇಜಲ್ಲಿ ನೀವು ಏನು ಹೇಳಿದ್ರಿ?"

ಜುಬೇದಾಳ ಅಣ್ಣ ಬಾಷಾ ಯಲ್ದೂರಿನಲ್ಲಿ ಮಟನ್ ಅಂಗಡಿ ಇಟ್ಟಿದ್ದರು. ಮಿಷನ್ನಿಗೆ ಹಾಕದೆ ಮರದ ದಿಮ್ಮಿಯ ಮೇಲೆ ಎರಡು ಕತ್ತಿ ಹಿಡಿದು ಕೈಮಾ ಕೊಚ್ಚಿ ಕೊಡುತ್ತಿದ್ದರು. ಪಕ್ಷ ಬಂತೆಂದರೆ ಊರಿನ ಮನೆಗಳವರು ಅವರಿಗೇ ಹೇಳಿಟ್ಟು ಹೋಗುತ್ತಿದ್ದರು. ಪಾಪಮ್ಮ ಎಂಬ ಮುದುಕಿಯ ಮನೆಯವರಂತೂ ಬಾಷಾರ ಅಪ್ಪನ ಕಾಲದಿಂದ ಬರುವವರು. ಈ ವರ್ಷ ಪಾಪಮ್ಮನ ಮಗ ನಾಗರಾಜ ಅಂಗಡಿಗೆ ಬಂದು, ಈ ಸಲ ಬೇಡ ಎಂದನಂತೆ. ಅವನ ಮಗಳು ಆ ಕಾಲೇಜಿನಲ್ಲಿ ಓದುತ್ತಿದ್ದಳು. ಅವನನ್ನು ನೋಡಿ ಇನ್ನೂ ಕೆಲವು ಮನೆಯವರು ಬೇಡ ಎಂದರಂತೆ.

"ಕೋಲಾರದಿಂದ ಮೇಡಂ ಬಂದು ಹೇಳಿದ್ರಂತೆ, ಇದು ತುರ್ಕರ ತಿಂಡಿ, ಹಿರಿಯರಿಗೆ ಇಟ್ರೆ ಎದ್ದು ಹೋಗ್ತಾರೆ ಅಂತ" ಎಂದಳು ಜುಬೇದಾ.

"ಹಾಗೆ ಹೇಳಿಲ್ಲ ಜುಬೇದಾ."

"ಗೊತ್ತು ಅಕ್ಕಾ. ನಿಘಂಟು ತೆಗೆದು ತೋರಿಸಿದ್ದು ನಾನು. ಅದಕ್ಕೇ ಕೇಳಿದೆ" ಎಂದು ಫೋನಿಟ್ಟಳು.

ನಮ್ಮ ಕಡೆ ಮುಸ್ಲಿಮರನ್ನು ಹಳಬರು ತುರ್ಕರು ಎನ್ನುತ್ತಾರೆ. ಆ ಪದದ ಚೀಟಿಯೂ ನನ್ನ ಕೈಯಿಂದಲೇ ಹಾದು ಹೋಗಿತ್ತು. ತುರ್ಕಿ ಎಂದು ನಾನು ನಗುತ್ತಾ ಹೇಳಿದರೆ ಯಲ್ದೂರಿನ ಕಿವಿಗೆ ಏನು ಕೇಳಿಸುತ್ತದೆ ಎಂಬುದು ಬೇರೆ ಯಾರಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು. ಮಾತು ಯಾರ ಕಿವಿಯಲ್ಲಿ ಹೇಗೆ ಬೀಳುತ್ತದೆ ಎಂದು ತಿಳಿಯುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು.

ಆ ಭಾನುವಾರ ಯಲ್ದೂರಿಗೆ ಹೋದೆ. ನಾಗರಾಜನ ಮನೆ ಮಾವಿನ ತೋಟದ ಪಕ್ಕ. ಅಂಗಳದಲ್ಲಿ ಟೊಮೆಟೊ ತುಂಬಿದ ಪ್ಲಾಸ್ಟಿಕ್ ಕ್ರೇಟುಗಳನ್ನು ಮಾರ್ಕೆಟ್ಟಿಗೆ ಹಾಕಲು ಜೋಡಿಸಿದ್ದರು. ನಾನು ಯಾರೆಂದು ತಿಳಿದು ನಾಗರಾಜ ಕುರ್ಚಿ ಹಾಕಿಸಿ ಮಜ್ಜಿಗೆ ತರಿಸಿದ. ನನ್ನನ್ನು ನೋಡಿ ಅವನಿಗೆ ಹೆಮ್ಮೆಯೇ ಆದಂತಿತ್ತು. ಅದು ನನಗೆ ಇನ್ನಷ್ಟು ಕಷ್ಟವಾಯಿತು.

"ನಾನು ಪದ ಎಲ್ಲಿಂದ ಬಂತು ಅಂತ ಹೇಳಿದ್ದು ನಾಗರಾಜಪ್ಪಾ. ಎಡೆಗೆ ಇಡಬಾರದು ಅಂತ ಹೇಳಲಿಲ್ಲ" ಎಂದೆ.

"ಹೊರಗಿಂದು ಅಂದ್ರಲ್ಲ ಮೇಡಂ. ನಮ್ಗೇನು ಗೊತ್ತಿತ್ತು? ನಿಮ್ಮಂಥ ಓದ್ದೋರು ಹೇಳಿದ ಮೇಲೆ ತಾನೆ ಗೊತ್ತಾಗಿದ್ದು. ಹಿರಿಯರ ವಿಷಯ, ಯಾಕೆ ಬೇಕು ಅಂತ ಬಿಟ್ವಿ."

"ಹೊರಗಿಂದ ಬಂದಿದ್ದೆಲ್ಲ ಬಿಡೋದಾದ್ರೆ ನೀವು ಬೆಳೀತಿರೋ ಈ ಟೊಮೆಟೊ? ಸಾರಿಗೆ ಹಾಕೋ ಮೆಣಸಿನಕಾಯಿ? ಎರಡೂ ಸಮುದ್ರ ದಾಟಿ ಬಂದಿದ್ದೇ."

"ಅದು ಬೇರೆ ಬಿಡಿ ಮೇಡಂ."

"ಹೇಗೆ ಬೇರೆ?"

ಅವನು ಸ್ವಲ್ಪ ಯೋಚಿಸಿದ. "ಟೊಮೆಟೊ ಯಾರ್ದೂ ಅಲ್ಲ. ಇದು ಅವ್ರದ್ದು ಅಂತ ನೀವೇ ಹೇಳಿದ್ರಿ."

ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ. ಅಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ಪಾಪಮ್ಮ ಕೇಳಿದಳು.

"ನುವ್ವೇನಾಮ್ಮಾ ಆ ಮಾಟ ಚೆಪ್ಪಿಂದಿ?" ಆ ಮಾತು ಹೇಳಿದವಳು ನೀನೇನಾ ಎಂದು.

ನಾನು ತೆಲುಗಿನಲ್ಲೇ ಹೌದು ಎಂದೆ. ಆಮೇಲೆ ಅವಳು ಎರಡು ಭಾಷೆಯನ್ನೂ ಬೆರೆಸಿ ಮಾತಾಡಿದಳು. ತನ್ನ ಗಂಡ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಅದನ್ನೇ ಬೇಕು ಎಂದು ಕೇಳಿದ್ದ, ಡಾಕ್ಟರು ಬೇಡ ಎಂದಿದ್ದರು, ಕೊಡಲಾಗಲಿಲ್ಲ. ಅಂದಿನಿಂದ ಪ್ರತಿ ಪಕ್ಷದಲ್ಲೂ ಮೊದಲು ಅದನ್ನು ಬಡಿಸಿ ಆಮೇಲೆ ಮಿಕ್ಕದ್ದು ಬಡಿಸುತ್ತಿದ್ದಳು. "ಈ ಸಲ ಎಲೆ ಮುಂದೆ ಕೂತು ಅವ್ರ ಹತ್ರ ಏನು ಹೇಳ್ಲಿ? ಕೋಲಾರದಿಂದ ಒಬ್ಬ ಮೇಡಂ ಬೇಡ ಅಂದ್ಲು ಅಂತ ಹೇಳ್ಲಾ?"

ನಾಗರಾಜ, "ಅಮ್ಮಾ, ಸುಮ್ಕಿರು" ಎಂದ.

ಅವಳು ಸುಮ್ಮನಿರಲಿಲ್ಲ. "ನೀನು ತಿಂತೀಯೇನೇ?" ಎಂದು ನನ್ನನ್ನೇ ಕೇಳಿದಳು.

"ತಿಂತೀನಿ. ನಮ್ಮಮ್ಮ ಮಾಡ್ತಾ ಇದ್ಲು. ನಾವೂ ಪಕ್ಷಕ್ಕೆ ಇಡ್ತೀವಿ."

"ಮತ್ತೆ ಅಲ್ಲಿ ಯಾಕೆ ಹೇಳ್ಲಿಲ್ಲ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯಲು ಕೇಳಿದಂತಿತ್ತು. ನಾಗರಾಜನೂ ನನ್ನ ಮುಖ ನೋಡಿದ. ಅವನ ಕಣ್ಣಿನಲ್ಲಿದ್ದ ಮರ್ಯಾದೆ ಆ ಕ್ಷಣದಲ್ಲಿ ಇಳಿದುಹೋದದ್ದನ್ನು ನಾನು ಕಂಡೆ.

ವಾಪಸ್ಸು ಬರುವಾಗ ಬಸ್ಸಿಗೆ ಕಾಯುತ್ತಾ ನಿಂತ ಜಾಗದ ಎದುರಿಗೇ ಬಾಷಾರ ಅಂಗಡಿ. ಭಾನುವಾರವಾದರೂ ಗಿರಾಕಿ ಇರಲಿಲ್ಲ. ಜುಬೇದಾಳ ಹಾಗೆಯೇ ಅಗಲ ಹಣೆ, ನೋಡಿದ ಕೂಡಲೇ ಗುರುತು ಸಿಕ್ಕಿತು. ಅವರು ನನ್ನನ್ನು ಬಿಸಿಲಲ್ಲಿ ನಿಂತಿರುವ ಯಾರೋ ಎಂದುಕೊಂಡು, "ಬಸ್ಸು ತಡ ಆಗುತ್ತಮ್ಮಾ, ಇಲ್ಲಿ ನೆರಳಲ್ಲಿ ಕೂತ್ಕೊಳ್ಳಿ" ಎಂದು ಸ್ಟೂಲು ಒರೆಸಿ ಹಾಕಿದರು. ಹೋಗಿ ಕೂತೆ. ಹೇಳಬೇಕು ಎಂದು ಬಾಯಿ ತೆರೆದೆ. "ಯಾವೂರಮ್ಮಾ?" ಎಂದರು. "ಕೋಲಾರದ ಕಡೆ" ಎಂದೆ. ಬಸ್ಸು ಬಂತು, ಹತ್ತಿದೆ. ಅವರ ಅಂಗಡಿಯ ನೆರಳಲ್ಲಿ ಕೂತು ಕೂಡ ನಾನು ಯಾರೆಂದು ಹೇಳಲಾಗಲಿಲ್ಲ.

ಸೋಮವಾರ ಮೇಷ್ಟ್ರಿಗೆ ಎಲ್ಲ ಹೇಳಿದೆ. ಭಾಷಣ, ಬಾಷಾ, ಪಾಪಮ್ಮ, ಅಮ್ಮನ ಉಂಡೆ ಸಾರು, ಕೊನೆಗೆ ತೆಲುಗು. ಅವರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ಅವತ್ತು ಬೆಂಗಳೂರಿಂದ ಬರೋವಾಗ ಬಸ್ಸಲ್ಲೇ ಗೊತ್ತಾಯ್ತಮ್ಮಾ. ನೀನೇ ಹೇಳ್ತೀಯ ಅಂತ ಕಾದೆ. ಕಾಯೋ ಬದಲು ಹೇಳೋಕೆ ಧೈರ್ಯ ಬರೋ ಹಾಗೆ ನಾನು ನಡ್ಕೋಬೇಕಾಗಿತ್ತು" ಎಂದರು. ನನ್ನ ಅಪರಾಧದಲ್ಲಿ ಅವರೂ ಒಂದು ಪಾಲು ಎತ್ತಿಕೊಂಡಾಗ ನನಗೆ ತಲೆ ಎತ್ತಲಾಗಲಿಲ್ಲ.

ಮೂಲ ಎಂಬ ಜಾಗದಿಂದ ತುರ್ಕಿಯನ್ನು ತೆಗೆದುಬಿಡೋಣವೇ ಎಂದು ಕೇಳಿದೆ. "ಬೇಡ. ಅದು ನಿಜ, ಇರಲಿ. ನಿನಗೆ ಗೊತ್ತಿರೋ ಮಿಕ್ಕ ನಿಜಾನೂ ಬರಿ" ಎಂದರು. ಆ ದಿನ ಕೂತು ಅರ್ಥವನ್ನು ಹೊಸದಾಗಿ ಬರೆದೆ: ಕೊಚ್ಚಿದ ಮಾಂಸಕ್ಕೆ ಹುರಿಗಡಲೆ, ಕಾಯಿ ರುಬ್ಬಿ ಸೇರಿಸಿ ಉಂಡೆ ಕಟ್ಟುವುದು, ಹೊಸತೊಡಕಿಗೆ ಮುದ್ದೆಯ ಜೊತೆ ಉಣ್ಣುವುದು, ಪಕ್ಷದ ಹಬ್ಬದಲ್ಲಿ ಹಿರಿಯರ ಎಡೆಗೆ ಇಡುವುದು. ಹೊಸಬರಿಗೆ ಕೆಲಸದ ವಿಷಯ ಹೇಳುವುದಿದ್ದರೆ ಇಷ್ಟೇ. ಮೂಲ ಹುಡುಕಲು ನಿಘಂಟುಗಳು ಸಾಲುತ್ತವೆ. ಅರ್ಥ ಬರೆಯಲು ನೀವು ಯಾರ ಮನೆಯವರು ಎಂಬುದನ್ನು ಮುಚ್ಚಿಡದೆ ಕೂರಬೇಕು.

ಮತ್ತೆ ಆ ಕಾಲೇಜಿಗೆ ಹೋಗಿ ಮಾತಾಡುತ್ತೇನೆ ಎಂದು ಬರೆದೆ. ಪರೀಕ್ಷೆಯ ಸಮಯ ಎಂದರು, ಆಮೇಲೆ ಉತ್ತರ ಬರಲಿಲ್ಲ. ನಗಿಸಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾರೂ ವೇದಿಕೆ ಕೊಡುವುದಿಲ್ಲ.

ಮುಂದಿನ ವರ್ಷದ ಪಕ್ಷಕ್ಕೆ ಪಾಪಮ್ಮ ಮೊಮ್ಮಗಳ ಫೋನಿನಿಂದ ನನ್ನನ್ನು ಊಟಕ್ಕೆ ಕರೆದಳು. ಹೋದೆ. ಗಂಡನ ಫೋಟೋದ ಮುಂದೆ ಎಲೆ ಹಾಕಿತ್ತು, ಎಲೆಯ ತುದಿಯಲ್ಲಿ ಮೊದಲು ಬಡಿಸಿದ್ದು ಕೈಮಾ ಉಂಡೆ. ನನ್ನ ಕಣ್ಣು ತುಂಬಿತು. ಎಲ್ಲ ಸರಿಹೋಯಿತು ಎಂದುಕೊಂಡೆ. ಊಟಕ್ಕೆ ಕೂತಾಗ ಪಾಪಮ್ಮ ನನ್ನ ಪಕ್ಕಕ್ಕೆ ಬಾಗಿ, "ರುಚಿ ಮೊದಲಿನ ಹಂಗಿಲ್ಲ ಕಣೇ. ಶ್ರೀನಿವಾಸಪುರದಿಂದ ತಂದವ್ನೆ, ಮಿಷನ್ನಿಂದು" ಎಂದಳು. ಮಗ ಎದುರಿಗೇ ಇದ್ದ. ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ.

ನಾನು ನಿವೃತ್ತಳಾದ ಮೇಲೆ ಕ ಅಕ್ಷರದ ಸಂಪುಟ ಅಚ್ಚಾಯಿತು. ಒಂದು ಪ್ರತಿ ತೆಗೆದುಕೊಂಡು ಮುಳಬಾಗಿಲಿಗೆ ಹೋದೆ. ಜುಬೇದಾ ಕನ್ನಡಕ ಹಾಕಿಕೊಂಡು ಆ ಪುಟವನ್ನು ಗಟ್ಟಿಯಾಗಿ ಓದಿದಳು. "ಚೆನ್ನಾಗಿ ಬರ್ದಿದ್ದೀರಿ ಅಕ್ಕಾ" ಎಂದಳು. ಪಾಪಮ್ಮನ ಮನೆಯಲ್ಲಿ ಮತ್ತೆ ಎಡೆಗೆ ಇಡುತ್ತಿದ್ದಾರೆ ಎಂದು ಹೇಳಿದೆ. ಅದನ್ನು ಹೇಳುವುದಕ್ಕೇ ಬಂದಿದ್ದೆನೋ ಏನೋ.

"ಮಾಂಸ ಯಾರ ಅಂಗಡೀದು?" ಎಂದಳು.

ನಾನು ಚಹಾದ ಲೋಟ ಎತ್ತಿಕೊಂಡೆ. ಅವಳಿಗೆ ತಿಳಿಯಿತು. ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

"ಅಣ್ಣ ಯಲ್ದೂರಿನ ಅಂಗಡಿ ಮುಚ್ಚಿಬಿಟ್ಟ ಅಕ್ಕಾ. ಇಲ್ಲೇ ಮಾರ್ಕೆಟ್ಟಲ್ಲಿ ಬೇರೆಯವರ ಅಂಗಡೀಲಿ ಕೆಲಸಕ್ಕಿದ್ದಾನೆ. ನಿಮ್ಮ ಭಾಷಣದಿಂದ ಮುಚ್ಚಿದ ಅಂತ ನಾನು ಹೇಳಲ್ಲ. ಅದರಿಂದ ಅಲ್ಲ ಅಂತಾನೂ ಹೇಳಲ್ಲ."

"ಅವರಿಗೆ ಗೊತ್ತಾ, ನಾನು ಅಂತ?"

"ನಾನು ಹೇಳಿಲ್ಲ" ಎಂದಳು ಜುಬೇದಾ. "ಹಾಗಂದಿದ್ದು ನನ್ನ ಫ್ರೆಂಡೇ ಅಂತ ಹೇಗೆ ಹೇಳ್ಲಿ?"

ಚಹಾ ಕುಡಿದು ಎದ್ದೆ. ಬಸ್ ನಿಲ್ದಾಣದ ಕಡೆ ಹೋಗಬೇಕಾದವಳು ಮಾರ್ಕೆಟ್ಟಿನ ಕಡೆ ನಡೆದೆ. ಬಾಷಾ ಒಂದು ಅಂಗಡಿಯ ಒಳಗೆ ದಿಮ್ಮಿಯ ಮುಂದೆ ಕೂತಿದ್ದರು, ಗಲ್ಲಾದಲ್ಲಿ ಇನ್ನೊಬ್ಬರಿದ್ದರು. ಬಾಷಾರ ಗಡ್ಡ ಬೆಳ್ಳಗಾಗಿತ್ತು. ಇಬ್ಬರು ಗಿರಾಕಿಗಳು ಹೋಗುವ ತನಕ ಕಾದು ಹತ್ತಿರ ಹೋದೆ.

"ನಾನು ನಾರಾಯಣಮ್ಮ, ವಕ್ಕಲೇರಿಯವಳು. ಶ್ರೀನಿವಾಸಪುರದ ಕಾಲೇಜಲ್ಲಿ ಕೈಮಾ ವಿಷಯ ಆ ಮಾತು ಆಡಿದವಳು ನಾನೇ. ತಪ್ಪಾಯ್ತು" ಎಂದೆ.

ಅವರು ಕತ್ತಿ ನಿಲ್ಲಿಸಿ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಹೋಗಲಿ ಬಿಡಮ್ಮಾ ಎನ್ನಬಹುದು ಎಂಬ ಆಸೆಯೂ ಒಳಗೆ ಎಲ್ಲೋ ಇತ್ತು. ಅವರು ಎರಡನ್ನೂ ಮಾಡಲಿಲ್ಲ. ಬಟ್ಟೆಯಿಂದ ಕತ್ತಿ ಒರೆಸಿದರು.

"ಎಷ್ಟು ಬೇಕು?" ಎಂದರು.

"ಅರ್ಧ ಕೆಜಿ."

"ಉಂಡೆಗಾ?"

"ಉಂಡೆಗೆ" ಎಂದೆ.

ಅವರು ಮಾಂಸ ತೂಗಿ, ದಿಮ್ಮಿಯ ಮೇಲಿಟ್ಟು, ನನ್ನ ಕಡೆ ನೋಡದೆ ಎರಡು ಕೈಯಿಂದಲೂ ಕೊಚ್ಚತೊಡಗಿದರು. ಮುಗಿಯುವ ತನಕ ನಾನು ಅಲ್ಲೇ ನಿಂತಿದ್ದೆ.